ಹದಿನೈದು ದಿನದ ಸಣ್ಣ ಉರಿ

ಕೊಳವೆಯ ಮೇಲೆ ಅಂಗೈಯನ್ನು ರೆಪ್ಪೆ ಬಡಿಯುವಷ್ಟು ಹೊತ್ತು ತಾಗಿಸಿ ತೆಗೆದರೆ ಸಾಕು, ಒಳಗೆ ಹರಿಯುತ್ತಿರುವುದು ಹಬೆಯೋ ಬಿಸಿನೀರೋ, ಅದರ ಬಿಸಿ ಎಷ್ಟು ಎಂಬುದನ್ನು ಆಕೆ ಹೇಳುತ್ತಿದ್ದಳು. ಗೇಜಿನ ಮುಳ್ಳು ಅವಳ ಮಾತನ್ನು ಅಲ್ಲಗಳೆದದ್ದು ಅಪರೂಪ. ಆಸ್ಪತ್ರೆ ಮತ್ತು ಹೋಟೆಲುಗಳ ಚಾದರ, ಟವಲುಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿ ಅದು. ಎಂಟು ಒಗೆಯುವ ಯಂತ್ರಗಳು, ಎರಡು ಉರುಳೆ ಇಸ್ತ್ರಿಗಳು, ಮೂವತ್ತೊಂದು ಜನ ಕೆಲಸಗಾರರು. ಇವೆಲ್ಲಕ್ಕೂ ಬೇಕಾದ ಹಬೆ ಹಿತ್ತಲಿನ ತಗಡಿನ ಕೋಣೆಯೊಂದರಿಂದ ಬರಬೇಕಾಗಿತ್ತು. ಆ ಕೋಣೆಯ ಅಧಿಕಾರ ಅವಳದು. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಮಾಲೀಕರಿಂದ ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ಬಾಯ್ಲರಕ್ಕ.

ಒದ್ದೆ ಚಾದರ ಹಿಂಡುವ ಕೆಲಸಕ್ಕೆಂದು ಸೇರಿದವಳು ಒಲೆಯ ಮುಂದೆ ನಿಲ್ಲುವಂತಾದದ್ದಕ್ಕೆ ಒಂದು ಬಿರುಕು ಕಾರಣ. ಆಗ ಬಾಯ್ಲರನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ಎಲ್ಲರೂ ಬೆಂಕಿ ಮೇಸ್ತ್ರಿ ಎನ್ನುತ್ತಿದ್ದರು. ಒಲೆಯ ಒಳಗೋಡೆಗೆ ಹೊಸ ಇಟ್ಟಿಗೆ ಕಟ್ಟಿಸಿದ ಮಾರನೆಯ ದಿನ, ಮೇಸ್ತ್ರಿ ರಜೆಯಲ್ಲಿದ್ದಾಗ, ಮ್ಯಾನೇಜರು ಅವಸರಪಟ್ಟು ಪೂರ್ತಿ ಉರಿ ಹಾಕಿಸಿದರು. ಸಂಜೆಯ ಹೊತ್ತಿಗೆ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿತು. ಒಂಬತ್ತು ದಿನ ಲಾಂಡ್ರಿ ಮುಚ್ಚಿತು. ಮತ್ತೆ ಕಟ್ಟಿದ ಗೋಡೆಯನ್ನು ಮೇಸ್ತ್ರಿ ತಾನೇ ಕಾಯಿಸಿದ. ಸೌದೆ ಒದಗಿಸಲು ಅವನ ಪಕ್ಕದಲ್ಲಿ ನಿಂತಿದ್ದವಳು ಇವಳು.

"ಮೊದಲ ಐದು ದಿನ ಕಾಲು ಉರಿ. ಆಮೇಲೈದು ದಿನ ಅರ್ಧ. ಮತ್ತೈದು ದಿನ ಮುಕ್ಕಾಲು. ಹದಿನಾರನೇ ದಿನ ಪೂರ್ತಿ," ಎಂದು ಅವನು ಬೆರಳು ಮಡಚಿ ಹೇಳಿದ್ದ. "ತಣ್ಣಗಿರೋ ಇಟ್ಟಿಗೆಗೆ ಒಮ್ಮೆಗೇ ಬೆಂಕಿ ಕೊಟ್ರೆ ಅದರ ಎದೆ ಒಡೆಯುತ್ತೆ ಕಣಮ್ಮ. ಆತುರಗಾರನಿಗೆ ಬುದ್ಧಿ ಮಟ್ಟ."

ಏಳನೆಯ ತರಗತಿಗೆ ಓದು ಬಿಟ್ಟವಳು ಮೂರು ವರ್ಷ ಪುಸ್ತಕ ಹಿಡಿದು, ಒಮ್ಮೆ ಅನುತ್ತೀರ್ಣಳಾಗಿ, ಎರಡನೆಯ ಸಲ ಬಾಯ್ಲರ್ ಪರೀಕ್ಷೆಯಲ್ಲಿ ಗೆದ್ದಳು. ಕಟ್ಟು ಹಾಕಿದ ಪ್ರಮಾಣಪತ್ರ ತಗಡಿನ ಗೋಡೆಗೆ ಏರಿತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಆ ಒಲೆಯ ಗೋಡೆ ಮೂರು ಸಲ ಹೊಸದಾಯಿತು. ಒಮ್ಮೆಯೂ ಕೂದಲೆಳೆಯಷ್ಟು ಬಿರುಕು ಬಿಡಲಿಲ್ಲ. ಅವಳಿಗೆ ಹೆಮ್ಮೆಯಿತ್ತು. ದುಡಿದು ಗಳಿಸಿದ ಹೆಮ್ಮೆಯನ್ನು ತಪ್ಪೆನ್ನಲಾಗದು. ಆದರೆ ಅದಕ್ಕೆ ತನ್ನ ಕೋಣೆಯ ಬಾಗಿಲು ಎಲ್ಲಿದೆ ಎಂಬುದು ತಿಳಿದಿರಬೇಕು.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಮಗಳು ಹುಟ್ಟಿದಳು. ಗಂಡ ಅದೇ ಲಾಂಡ್ರಿಯ ವ್ಯಾನ್ ಓಡಿಸುವವನು. ಮನೆಯಲ್ಲಿ ಮತ್ತೊಬ್ಬರೆಂದರೆ ಅತ್ತೆ. ಎರಡು ಕೋಣೆಯ ಮನೆ, ಗೋಡೆಗೆ ಗೋಡೆ ತಾಗಿದ ನೆರೆ. ಮಗು ಹುಟ್ಟಿದ ಮನೆಯಿಂದ ಹದಿನೈದು ದಿನವಾದರೂ ಅಳುವೇ ಕೇಳಲಿಲ್ಲವೆಂದು ಪಕ್ಕದ ಮನೆಯವರು ಬಂದು ಇಣುಕಿ ಹೋದರು.

"ಅಳದ ಮಗು ಪುಣ್ಯ ಮಾಡಿದವರಿಗೇ ಹುಟ್ಟೋದು," ಎಂದು ಅತ್ತೆ ಬೀಗಿದರು. "ಇವನನ್ನ ಹೆತ್ತು ಆರು ತಿಂಗಳು ನಾನು ರೆಪ್ಪೆ ಮುಚ್ಚಿರ್ಲಿಲ್ಲ. ಆ ಬಾಯೇ ಈಗ ಹಾರ್ನ್ ಆಗಿದೆ."

ಇಪ್ಪತ್ತನಾಲ್ಕನೆಯ ದಿನ ರಜೆಯ ಅರ್ಜಿಗೆ ಸಹಿ ಮಾಡಿಸಲೆಂದು ಅವಳು ಮಗುವನ್ನು ಎತ್ತಿಕೊಂಡು ಲಾಂಡ್ರಿಗೆ ಹೋದಳು. ಉರುಳೆಗಳ ಸದ್ದು, ನೀರಿನ ಸದ್ದು, ತಳ್ಳುಗಾಡಿಗಳ ಸದ್ದು. ಹೆಂಗಸರು ಮುತ್ತಿಕೊಂಡರು. ಎಲ್ಲರಿಗಿಂತ ಹಿರಿಯಳಾದ ಇಸ್ತ್ರಿ ಚಿಕ್ಕಮ್ಮ ಸೆರಗಿನಿಂದ ಬೆವರೊರೆಸಿಕೊಂಡು ಮಗುವಿನ ಮುಖವನ್ನೇ ನೋಡಿದಳು.

"ಏನೇ ಇದು, ಇಷ್ಟು ಗದ್ದಲದಲ್ಲೂ ಕಣ್ಣು ಬಿಡಲ್ವಲ್ಲೇ!"

"ಬಿಟ್ಟಳು ನೋಡು ಚಿಕ್ಕಮ್ಮ, ಅರ್ಧ ಬಿಟ್ಟಳು," ಎಂದಳು ಪಕ್ಕದಲ್ಲಿದ್ದವಳೊಬ್ಬಳು.

"ಅಯ್ಯೋ, ಥೇಟ್ ಜಡ್ಜಮ್ಮ! ಎರಡೂ ಕಡೆ ವಾದ ಕೇಳ್ತಾಳೆ, ತೀರ್ಪು ಮಾತ್ರ ಹೇಳಲ್ಲ. ಬಾಯ್ಲರಕ್ಕಾ, ನಿನ್ನ ಹೊಟ್ಟೆ ತಣ್ಣಗಿರಲಿ. ನನ್ನ ನಾಲ್ಕೂ ಅತ್ತಿದ್ದು ಮೂರು ಬೀದಿಗೆ ಕೇಳ್ತಿತ್ತು."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಬದಲಿಗೆ ಬಂದ ಕೆಲಸಗಾರ ಒಲೆಯನ್ನು ಹೇಗೆ ಇಟ್ಟಿದ್ದಾನೆಂದು ನೋಡದೆ ಹೋಗಲು ಮನಸ್ಸಾಗದೆ ಹಿತ್ತಲಿನ ಕೋಣೆಗೆ ನಡೆದಳು. ನೀರಿನ ಮಟ್ಟ ಸರಿಯಾಗಿತ್ತು, ಒತ್ತಡ ಸರಿಯಾಗಿತ್ತು. ಬೆಂಚಿನ ಮೇಲೆ ಮಗುವನ್ನು ಮಲಗಿಸಿ, ಅಭ್ಯಾಸಬಲದಿಂದ ಒಂದೊಂದನ್ನೇ ಅಂಗೈಯಿಂದ ಮುಟ್ಟಿ ನೋಡುತ್ತ ಬಂದಳು. ಕೊಳವೆ ಬಿಸಿ, ಕದ ಬಿಸಿ, ಕಬ್ಬಿಣದ ಬೆಂಚೂ ಬೆಚ್ಚಗೆ. ಆ ಸರದಿಯಲ್ಲೇ ಕೈ ಮಗುವಿನ ಪಾದಕ್ಕೆ ತಾಗಿತು.

ತಣ್ಣಗಿತ್ತು.

ಇನ್ನೊಂದು ಪಾದ ಮುಟ್ಟಿದಳು. ತೊಡೆ ಮುಟ್ಟಿದಳು. ಹೊಟ್ಟೆಯ ಮೇಲೆ ಕೈಯಿಟ್ಟಳು. ಕಾಲು ಗಂಟೆ ಕಾದಳು, ಮತ್ತೆ ಮುಟ್ಟಿದಳು. ಆ ಕೋಣೆಯಲ್ಲಿ ಬಿಸಿಯೇರದ ವಸ್ತು ಅದೊಂದೇ ಆಗಿತ್ತು. ಅಷ್ಟು ದಿನ ಬಿಡಿಬಿಡಿಯಾಗಿ ಕಂಡದ್ದೆಲ್ಲ ಆಗ ಒಟ್ಟಾಗಿ ನಿಂತಿತು. ಮೈಯ ಹಳದಿ ಇನ್ನೂ ಇಳಿದಿಲ್ಲ. ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ. ನಾಲಿಗೆ ಬಾಯೊಳಗೆ ಹಿಡಿಸದಂತೆ ಹೊರಗೆ ಇಣುಕುತ್ತದೆ. ಎದೆ ಬಾಯಲ್ಲಿರುವಾಗಲೇ ನಿದ್ದೆ. ಅಪರೂಪಕ್ಕೆ ಅತ್ತರೆ ಗಂಟಲು ಕಟ್ಟಿದ ದನಿ.

ಮನೆಯಲ್ಲಿ ಅತ್ತೆ ಸಿಡಿದರು. "ಮಗು ಗುಣವಂತೆ ಅಂದ್ರೆ ಕಾಯಿಲೆ ಅಂತೀಯಲ್ಲ! ಇದು ನಿನ್ನ ಬಾಯ್ಲರ್ರಾ, ಮುಟ್ಟಿ ಮುಟ್ಟಿ ನೋಡೋಕೆ?"

"ಬಾಯ್ಲರ್ ಆಗಿದ್ರೆ ಇಷ್ಟೊತ್ತಿಗೆ ಹೇಳಿರ್ತಿದ್ದೆ ಅತ್ತೆ ಏನಾಗಿದೆ ಅಂತ," ಎಂದು ಅವಳು ಮಗುವನ್ನು ಕಂಬಳಿಯಲ್ಲಿ ಸುತ್ತಿ ಮಕ್ಕಳ ಆಸ್ಪತ್ರೆಗೆ ಹೊರಟಳು.

ಹೆರಿಗೆಯಾದ ಸಣ್ಣ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ಪರೀಕ್ಷಿಸುವ ಪದ್ಧತಿ ಇರಲಿಲ್ಲ. ಇಲ್ಲಿ ಚುಚ್ಚಿದರು, ಕುತ್ತಿಗೆಯ ಸ್ಕ್ಯಾನ್ ಮಾಡಿದರು. ಮೂರನೆಯ ದಿನ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು. ನಡುವಯಸ್ಸಿನ, ಮೆಲುದನಿಯ ಮನುಷ್ಯ.

"ಕುತ್ತಿಗೇಲಿ ಇಲ್ಲಿ ಒಂದು ಗ್ರಂಥಿ ಇರುತ್ತಮ್ಮ, ಥೈರಾಯ್ಡ್ ಅಂತ. ನಿಮ್ಮ ಮಗಳಿಗೆ ಅದು ರೂಪುಗೊಂಡೇ ಇಲ್ಲ. ಹೊಟ್ಟೇಲಿದ್ದಾಗ ನಿಮ್ಮ ರಕ್ತದಿಂದ ಅಷ್ಟಿಷ್ಟು ಹಾರ್ಮೋನು ಹೋಗ್ತಿತ್ತು. ಹೊಕ್ಕುಳ ಬಳ್ಳಿ ಕತ್ತರಿಸಿದ ದಿನದಿಂದ ಅದೂ ಇಲ್ಲ."

"ಅದಿಲ್ದೆ ಇದ್ರೆ ಏನಾಗುತ್ತೆ?"

"ನೀವೇನು ಕೆಲಸ ಮಾಡ್ತೀರಿ?"

"ಬಾಯ್ಲರ್ ನೋಡ್ಕೊಳ್ತೀನಿ. ಸರ್ಟಿಫಿಕೇಟ್ ಇದೆ."

ಡಾಕ್ಟರ ಮುಖ ಅರಳಿತು. "ಹಾಗಾದ್ರೆ ನಿಮಗೆ ಹೇಳೋದು ಸಲೀಸು." ಚೀಟಿಯ ಹಿಂಬದಿಯಲ್ಲಿ ಒಂದು ದುಂಡು ಬರೆದು ಅದರೊಳಗೆ ಚುಕ್ಕೆಗಳನ್ನಿಟ್ಟರು. "ಇದು ಮೆದುಳಿನ ಒಂದು ಕಣ. ಇದರೊಳಗೆ ನೂರಾರು ಪುಟ್ಟ ಒಲೆಗಳಿವೆ ಅಂದ್ಕೊಳ್ಳಿ. ಮೈಟೋಕಾಂಡ್ರಿಯ ಅಂತಾರೆ. ಹಾಲಲ್ಲಿ ಬಂದ ಆಹಾರ ಉರಿಸಿ ಶಕ್ತಿ ಮಾಡೋದು ಅವೇ. ಎಷ್ಟು ಒಲೆ ಹೂಡಬೇಕು, ಎಷ್ಟು ಜೋರಾಗಿ ಉರೀಬೇಕು ಅಂತ ಅಪ್ಪಣೆ ಕೊಡೋದು ಈ ಹಾರ್ಮೋನು. ಅಪ್ಪಣೆ ಬರದಿದ್ರೆ ಒಲೆ ಆರಲ್ಲ, ಸಣ್ಣಗೆ ಉರೀತಿರುತ್ತೆ. ಕಣ ಸಾಯಲ್ಲ. ಆದ್ರೆ ಬೆಳೆಯೋಕೆ, ಕವಲೊಡೆಯೋಕೆ, ಪಕ್ಕದ ಕಣದ ಕೈ ಹಿಡಿಯೋಕೆ ಶಕ್ತಿ ಸಾಲಲ್ಲ. ಹಸುಗೂಸಿನ ಮೈಯಲ್ಲಿ ಹುಟ್ಟೋ ಶಕ್ತೀಲಿ ಅರ್ಧದಷ್ಟು ಮೆದುಳೊಂದೇ ತಿನ್ನುತ್ತೆ, ಗೊತ್ತಾ?"

"ಅದಕ್ಕೇ ಮೈ ತಣ್ಣಗಿರೋದು."

"ಅದಕ್ಕೇ. ನೀವು ಕಂಡುಹಿಡಿದಿರಿ, ಒಳ್ಳೇದಾಯ್ತು."

"ಎಷ್ಟು ದಿನದೊಳಗೆ ಉರಿ ಬರಬೇಕು?"

"ಹುಟ್ಟಿದ ಎರಡು ವಾರದೊಳಗೆ ಶುರು ಮಾಡಿದ್ರೆ ಚೆನ್ನಾಗಿತ್ತು. ಇವತ್ತಿಗೆ ಇಪ್ಪತ್ತೇಳು ದಿನ. ಇನ್ನೂ ಕೈ ಮೀರಿಲ್ಲ, ಆದ್ರೆ ಇನ್ನೊಂದು ದಿನವೂ ಹೋಗಬಾರ್ದು. ದಿನಾ ಬೆಳಿಗ್ಗೆ ಒಂದು ಮಾತ್ರೆ. ಪುಡಿ ಮಾಡಿ, ನಾಲ್ಕು ಹನಿ ಎದೆಹಾಲಲ್ಲಿ ಕಲಸಿ ಕೊಡಿ. ಹದಿನಾಲ್ಕನೇ ದಿನ ರಕ್ತ ಪರೀಕ್ಷೆಗೆ ಬನ್ನಿ."

ಹೋಲಿಕೆಯನ್ನು ಕೊಟ್ಟವರು ಅದರ ಗಡಿಯನ್ನೂ ತೋರಿಸಿಕೊಡಬೇಕು. ಆದರೆ ಬಾಗಿಲಾಚೆ ನಲವತ್ತು ಜನ ಕಾಯುತ್ತಿದ್ದರು. ಅವಳು ಆ ಚೀಟಿಯನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು ಬಂದಳು. ಚುಕ್ಕೆಯಿಟ್ಟ ದುಂಡು ಅವಳಿಗೆ ಪೂರ್ತಿ ಅರ್ಥವಾಗಿತ್ತು, ಅಗತ್ಯಕ್ಕಿಂತ ಹೆಚ್ಚಾಗಿ.

ಮೂರು ದಿನ ಹೇಳಿದಂತೆಯೇ ಮಾತ್ರೆ ಕೊಟ್ಟಳು. ನಾಲ್ಕನೆಯ ದಿನವೂ ಬೆಳಿಗ್ಗೆ ಕೊಟ್ಟ ಮೇಲೆ, ಮಧ್ಯಾಹ್ನ ಮಗು ಎಚ್ಚೆತ್ತಿತು. ಎಚ್ಚೆತ್ತಿತು ಎಂದರೆ, ಹುಟ್ಟಿದಂದಿನಿಂದ ಯಾರೂ ಕಾಣದ ರೀತಿಯಲ್ಲಿ ಕಣ್ಣು ಪೂರ್ತಿ ತೆರೆದು, ಕೈಕಾಲು ಬಡಿದು, ಮುಖ ಕೆಂಪಗೆ ಮಾಡಿಕೊಂಡು ಕಿರಿಚಿತು. ಒಂದೇ ಮಧ್ಯಾಹ್ನದಲ್ಲಿ ಮೂರು ಸಲ ಬಟ್ಟೆ ಬದಲಿಸಬೇಕಾಯಿತು. ಎದೆಗಪ್ಪಿಕೊಂಡಳು. ಅಂಗೈಯ ಕೆಳಗೆ ಅದರ ಪುಟ್ಟ ಎದೆ ಹಿಡಿದಿಟ್ಟ ಗುಬ್ಬಿಯಂತೆ ಹೊಡೆದುಕೊಳ್ಳುತ್ತಿತ್ತು.

"ಏನು ಕೊಡ್ತಿದೀಯೇ ಆ ಕೂಸಿಗೆ? ಕುದಿಸಿ ಕೊಲ್ಲಬೇಡ ಕಣೇ!" ಎಂದು ಅತ್ತೆ ಅತ್ತರು.

ಹನ್ನೆರಡು ವರ್ಷ ಒಲೆಯ ಮುಂದೆ ನಿಂತವಳಿಗೆ ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ತಣ್ಣಗಿದ್ದ ಗೋಡೆಗೆ ಮೊದಲ ದಿನವೇ ಪೂರ್ತಿ ಉರಿ ಬಿದ್ದಿದೆ. ಇಪ್ಪತ್ತೇಳು ದಿನ ಆರಿದಂತಿದ್ದ ನೂರಾರು ಒಲೆಗಳು ಒಟ್ಟಿಗೇ ಹೊತ್ತಿಕೊಂಡಿವೆ. ಈ ಕಿರಿಚಾಟ ಬಿರುಕಿನ ಸದ್ದು. ಅವಳು ಹಾಗೆಂದೇ ನಂಬಿದಳು. ಐದನೆಯ ದಿನ ಬೆಳಿಗ್ಗೆ ಹೊಸ ಬ್ಲೇಡಿನಿಂದ ಮಾತ್ರೆಯನ್ನು ನಾಲ್ಕು ಭಾಗ ಮಾಡಿದಳು. ನಾಲ್ಕೂ ಒಂದೇ ಸಮನಾಗಿದ್ದವು. ಅದರಲ್ಲೊಂದನ್ನು ಪುಡಿ ಮಾಡಿದಳು.

ಗಂಡ ಬಾಗಿಲಲ್ಲಿ ನಿಂತು ಶೂ ಹಾಕಿಕೊಳ್ಳುತ್ತಿದ್ದವನು ನೋಡಿದ.

"ಕಾಲೇ ಯಾಕೆ? ಒಂದು ಅಂದಿದ್ರಲ್ಲ."

"ಐದು ದಿನ ಕಾಲು. ಆಮೇಲೈದು ದಿನ ಅರ್ಧ. ಮತ್ತೈದು ದಿನ ಮುಕ್ಕಾಲು. ಆಮೇಲೆ ಪೂರ್ತಿ."

"ಡಾಕ್ಟ್ರಿಗೊಂದು ಫೋನ್ ಮಾಡಿ ಕೇಳೇ."

"ಏನ್ರೀ ಕೇಳೋದು? ಒಲೆ ಅಂತ ಅವರೇ ಹೇಳಿದ್ರು. ಉರಿ ಹಚ್ಚೋದು ಅವರು ಕಂಡಿದಾರಾ, ನಾನು ಕಂಡಿದೀನಾ?"

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿನ್ನ ಹತ್ರ ವಾದ ಮಾಡೋಕಿಂತ ಟ್ರಾಫಿಕ್ಕಲ್ಲಿ ನಿಲ್ಲೋದು ವಾಸಿ," ಎಂದು ಅವನು ಹೊರಟ. ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದು ಅವನ ಪಾಲಿನ ತಪ್ಪು, ಆ ಪಾಲು ಸಣ್ಣದಲ್ಲ.

ಎರಡೇ ದಿನದಲ್ಲಿ ಮಗು ಶಾಂತವಾಯಿತು. ಮತ್ತೆರಡು ದಿನಕ್ಕೆ ಅರ್ಧಗಣ್ಣು ಮರಳಿತು. ಅತ್ತೆ ಕೈಯೆತ್ತಿ ಮುಗಿದರು. ಬಾಯ್ಲರಕ್ಕ ಬೆಳಿಗ್ಗೆ ಸಂಜೆ ಪಾದ ಮುಟ್ಟಿ ನೋಡುತ್ತ, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ, ತನ್ನ ಕ್ರಮವನ್ನು ಒಂದು ಹೊತ್ತೂ ತಪ್ಪದೆ ಪಾಲಿಸಿದಳು. ಅಷ್ಟು ಶ್ರದ್ಧೆಯಿಂದ ಯಾವ ತಾಯಿಯೂ ತಪ್ಪು ಮಾಡಿರಲಾರಳು. ಹದಿನಾಲ್ಕನೆಯ ದಿನ ಬಂದಾಗ ಮಗು ಅರ್ಧ ಮಾತ್ರೆಯಲ್ಲಿತ್ತು. ಉರಿ ಅರ್ಧ ಇರುವಾಗ ಗೇಜು ನೋಡಿದರೆ ಏನು ತಿಳಿದೀತು? ಪೂರ್ತಿಗೆ ಬಂದ ಮೇಲೆ ಹೋದರಾಯಿತೆಂದು ಪರೀಕ್ಷೆಯನ್ನು ಒಂದು ವಾರ ಮುಂದೂಡಿದಳು.

ಇಪ್ಪತ್ತೊಂದನೆಯ ದಿನ ರಕ್ತ ಕೊಟ್ಟರು. ಮಧ್ಯಾಹ್ನ ವರದಿ ಬಂತು. ಡಾಕ್ಟರು ಅದನ್ನು ನೋಡಿದರು, ಹಳೆಯ ವರದಿಯನ್ನು ಪಕ್ಕದಲ್ಲಿಟ್ಟು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ದಿನಾ ಕೊಡ್ತಿದೀರಲ್ವಾ?"

"ಒಂದಿನವೂ ತಪ್ಪಿಸಿಲ್ಲ."

"ಆಶ್ಚರ್ಯ. ರಕ್ತದಲ್ಲಿ ಹಾರ್ಮೋನು ಏರಿರಬೇಕಿತ್ತು, ಏರೇ ಇಲ್ಲ ಅನ್ನಬಹುದು. ಇವಳ ಮೈಗೆ ಮಾತ್ರೆ ಹತ್ತುತ್ತಿಲ್ಲ ಅಂತ ಕಾಣುತ್ತೆ. ಡೋಸ್ ಒಂದೂವರೆ ಮಾಡೋಣ." ಪೆನ್ನು ಕಾಗದದ ಮೇಲೆ ಇಳಿಯಿತು.

ಗಂಡ ಅವಳ ಕಡೆ ನೋಡಿದ. ಅವಳು ನೆಲ ನೋಡಿದಳು. ಹಾರ್ಮೋನು ಏರಿಲ್ಲ ಎಂಬ ಮಾತು ಕಿವಿಗೆ ಬಿದ್ದು, ಅರ್ಥವಾಗಲು ಒಂದೆರಡು ಉಸಿರು ಹಿಡಿಯಿತು. ಸುಮ್ಮನಿರಬಹುದಿತ್ತು. ಹೊಸ ಚೀಟಿ ತೆಗೆದುಕೊಂಡು, ಮನೆಯಲ್ಲಿ ಹಳೆಯ ಲೆಕ್ಕದಂತೆ ಒಂದೇ ಮಾತ್ರೆ ಕೊಟ್ಟು, ಯಾರಿಗೂ ತಿಳಿಯದಂತೆ ಸರಿಪಡಿಸಿಕೊಳ್ಳಬಹುದಿತ್ತು. ಆ ಯೋಚನೆ ಅವಳಿಗೆ ಬಂತು. ಬರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಸರಿ ಯಾವುದೆಂಬುದೇ ತನಗೆ ತಿಳಿಯದೆಂದು ಆ ಹೊತ್ತಿಗೆ ಅವಳಿಗೆ ಮನವರಿಕೆಯಾಗಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ತನ್ನ ಕೈಯ ಮೇಲೆ ನಂಬಿಕೆ ಇರಲಿಲ್ಲ.

"ಬರೀಬೇಡಿ ಡಾಕ್ಟ್ರೇ."

"ಏನಮ್ಮ?"

"ಮಾತ್ರೆ ಹತ್ತುತ್ತಿಲ್ಲ ಅಂತಲ್ಲ. ನಾನು ಕೊಟ್ಟಿಲ್ಲ. ನಾಲ್ಕು ದಿನ ಪೂರ್ತಿ ಕೊಟ್ಟೆ. ಆಮೇಲೆ ಐದು ದಿನ ಕಾಲು, ಐದು ದಿನ ಅರ್ಧ, ಐದು ದಿನ ಮುಕ್ಕಾಲು. ಪೂರ್ತಿ ಶುರು ಮಾಡಿ ಎರಡು ದಿನ ಆಯ್ತು."

"ಯಾಕೆ?"

ಅವಳು ಹೇಳಿದಳು. ಇಟ್ಟಿಗೆ, ಮೇಸ್ತ್ರಿ, ಬಿರುಕು, ನಾಲ್ಕನೆಯ ದಿನದ ಕಿರಿಚಾಟ, ಎಲ್ಲವನ್ನೂ ಪರೀಕ್ಷಕರ ಮುಂದೆ ಪಾಠ ಒಪ್ಪಿಸುವಂತೆ ನೆಟ್ಟಗೆ ಕುಳಿತು ಹೇಳಿದಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

"ಒಲೆ ಅಂದವನು ನಾನೇ," ಎಂದರು. "ಆದ್ರೆ ಅಮ್ಮ, ನಿಮ್ಮ ಬಾಯ್ಲರನ್ನ ಮೇಸ್ತ್ರಿಗಳು ಪೂರ್ತಿ ಕಟ್ಟಿ ಹೋದ ಮೇಲೆ ನೀವು ಬೆಂಕಿ ಹಚ್ಚೋದು. ಇಲ್ಲಿ ಹಾಗಲ್ಲ. ಇಲ್ಲಿ ಉರಿ ಇದ್ರೇನೇ ಗೋಡೆ ಏಳೋದು. ಉರಿ ಕಮ್ಮಿ ಇದ್ದ ದಿನ ಎಷ್ಟು ಏಳಬೇಕೋ ಅಷ್ಟು ಏಳಲ್ಲ. ಆ ದಿನದ ಕೆಲಸಾನ ಆಮೇಲೆ ಮಾಡ್ತೀನಿ ಅಂದ್ರೆ ಮೆದುಳು ಕಾಯಲ್ಲ."

"ಅವತ್ತು ಹಾಗೆ ಅತ್ತಿದ್ದು?"

"ಹಸಿವಾಗಿ ಅತ್ತಿರ್ತಾಳೆ. ಎಲ್ಲಾ ಮಕ್ಕಳೂ ಅಳ್ತವಲ್ಲ, ಹಾಗೆ. ಅವಳಿಗೆ ಅಷ್ಟು ಶಕ್ತಿ ಬಂದದ್ದು ಅವತ್ತೇ ಮೊದಲು."

ಗಂಡ ಮುಖ ಮುಚ್ಚಿಕೊಂಡ. ಅವಳು ಅಳಲಿಲ್ಲ. ಮಗುವಿನ ಮೊದಲ ಹಸಿವಿನ ಕೂಗನ್ನು ತಾನು ಬ್ಲೇಡಿನಿಂದ ನಾಲ್ಕು ಭಾಗ ಮಾಡಿ ಅಡಗಿಸಿದ್ದೆನೆಂಬುದು ಅವಳೊಳಗೆ ಇಳಿದು ಕುಳಿತಿತು. ಅಳುವಿಗೆ ಅಲ್ಲಿ ಜಾಗ ಉಳಿಯಲಿಲ್ಲ.

ಅಂದಿನಿಂದ ಮಾತ್ರೆ ಪೂರ್ತಿಯಾಯಿತು. ಒಂದು ವಾರದಲ್ಲಿ ವರದಿಯ ಅಂಕಿಗಳು ಅಲುಗಿದವು, ಒಂದು ತಿಂಗಳಲ್ಲಿ ಇರಬೇಕಾದ ಕಡೆ ಬಂದು ನಿಂತವು. ಪಾದ ಬೆಚ್ಚಗಾಯಿತು. ನಾಲಿಗೆ ಒಳಗೆ ಸೇರಿತು. ಮಗು ಹಗಲಿಡೀ ಕೂಗಿತು. ಪಕ್ಕದ ಮನೆಯವರು ಈಗ ಬೇರೆ ಕಾರಣಕ್ಕೆ ಇಣುಕಿದರು. ಅತ್ತೆ ಸೊಸೆಯೊಡನೆ ಒಂದು ವಾರ ಮಾತು ಬಿಟ್ಟರು. ಆಮೇಲೆ ಒಂದು ಮಧ್ಯಾಹ್ನ ತಾವೇ ಬಂದು ಪಕ್ಕದಲ್ಲಿ ಕುಳಿತು, "ಕುದಿಸ್ತೀಯ ಅಂತ ನಾನೂ ಬಾಯಿ ಬಡ್ಕೊಂಡೆನಲ್ಲೇ," ಎಂದರು. ಪಾಲುದಾರರು ಹೆಚ್ಚಾದಂತೆ ತಪ್ಪಿನ ಭಾರ ಕಡಿಮೆಯಾಗುವುದೆಂದು ಹೇಳುವವರು ಅದನ್ನು ಹೊತ್ತವರಲ್ಲ.

ನಾಲ್ಕು ತಿಂಗಳಿಗೆ ಕೆಲಸಕ್ಕೆ ಮರಳಿದಳು. ಇಸ್ತ್ರಿ ಚಿಕ್ಕಮ್ಮ ದೂರದಿಂದಲೇ ಕೂಗಿದಳು: "ಏನೇ ಬಾಯ್ಲರಕ್ಕಾ, ನಮ್ಮ ಜಡ್ಜಮ್ಮ ತೀರ್ಪು ಹೇಳಿದಳಾ ಇಲ್ವಾ ಇನ್ನೂ?"

ಅವಳು ನಗಲು ನೋಡಿದಳು. ಬಾಯಿ ತೆರೆಯಿತು, ನಗು ಬರಲಿಲ್ಲ. ಚಾದರದ ಗಾಡಿಯ ಹಿಂದೆ ಸರಿದು ನಿಂತವಳನ್ನು ಕಂಡು ಚಿಕ್ಕಮ್ಮ ಉರುಳೆ ನಿಲ್ಲಿಸಿ ಓಡಿಬಂದಳು. ತಾನೇನು ಅಂದೆನೆಂದು ತಿಳಿಯದೆ ಅವಳ ಬೆನ್ನು ಸವರಿದಳು.

ತೀರ್ಪು ಬರುವುದಕ್ಕೆ ಮೂರು ವರ್ಷ ಕಾಯಬೇಕೆಂದು ಡಾಕ್ಟರು ಹೇಳಿದ್ದರು. ಆ ಮೂರು ವರ್ಷಗಳನ್ನು ಬಾಯ್ಲರಕ್ಕ ಕಳೆದ ರೀತಿಯನ್ನು ಬದುಕು ಎನ್ನುವುದು ಕಷ್ಟ. ಆಸ್ಪತ್ರೆಯ ಗೋಡೆಯ ಮೇಲೆ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಚಿತ್ರಪಟವಿತ್ತು. ಅದು ಅವಳಿಗೆ ಬಾಯಿಪಾಠವಾಯಿತು. ಕತ್ತು ನಿಲ್ಲಿಸಿದ್ದು ಒಂದು ತಿಂಗಳು ತಡ. ಕೂತದ್ದು ಎರಡು ತಿಂಗಳು ತಡ. ಹೆಜ್ಜೆಯಿಟ್ಟದ್ದು ಹದಿನೇಳನೆಯ ತಿಂಗಳಿಗೆ. ಹದಿನೆಂಟರವರೆಗೂ ಕಾಯಬಹುದೆಂದು ಚಿತ್ರಪಟವೇ ಹೇಳುತ್ತಿತ್ತು, ಆದರೆ ಪಕ್ಕದ ಮನೆಯದು ಹನ್ನೊಂದಕ್ಕೇ ನಡೆದಿತ್ತು. ಮಗು ಚೆಂಡು ಹಿಡಿಯಲು ಹೋಗಿ ತಪ್ಪಿಸಿಕೊಂಡರೆ ಅವಳು ಚೆಂಡನ್ನು ಮತ್ತೆ ಮತ್ತೆ ಎಸೆದು ನೋಡುತ್ತಿದ್ದಳು. ಎಲ್ಲ ಮಕ್ಕಳೂ ಚೆಂಡು ತಪ್ಪಿಸಿಕೊಳ್ಳುತ್ತವೆಂದು ಗಂಡ ಹೇಳುತ್ತಿದ್ದ. ಅವನು ಹೇಳುವುದು ನಿಜವೆಂದು ಅವಳಿಗೆ ಗೊತ್ತಿತ್ತು. ಗೊತ್ತಿರುವುದರಿಂದ ಪ್ರಯೋಜನವಿರಲಿಲ್ಲ. ಒಲೆಗೆ ಗೇಜು ಇರುತ್ತದೆ, ನೀರಿಗೆ ಗಾಜಿನ ಕೊಳವೆ ಇರುತ್ತದೆ. ತಲೆಬುರುಡೆಯೊಳಗೆ ಆ ಹದಿನೈದು ದಿನ ಏನು ಕಟ್ಟಲಾಗದೆ ಉಳಿಯಿತೆಂದು ನೋಡಲು ಯಾವ ಕಿಂಡಿಯೂ ಇರಲಿಲ್ಲ.

ಮಗಳು ನಗುಮುಖದ ಹುಡುಗಿಯಾಗಿ ಬೆಳೆದಳು. ಅಜ್ಜಿಯ ಕನ್ನಡಕ ಬಚ್ಚಿಡುತ್ತಿದ್ದಳು, ಅಪ್ಪನ ಶೂ ಹಾಕಿಕೊಂಡು ಬೀಳುತ್ತಿದ್ದಳು. ಮಾತು ತಡವಾಗಿ ಬಂತು.

ಮೂರು ವರ್ಷ ತುಂಬಿದ ತಿಂಗಳು ಬುದ್ಧಿಯ ಬೆಳವಣಿಗೆಯ ಪರೀಕ್ಷೆ ಆಯಿತು. ಪರೀಕ್ಷೆ ನಡೆಸುವಾಕೆ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ಒಳಗಿನಿಂದ ಮರದ ತುಂಡುಗಳ ಸದ್ದು ಬರುತ್ತಿತ್ತು. ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಅವಳು ಬೆನ್ನು ಒರಗಿಸದೆ ಕೂತಿದ್ದಳು. ಆಮೇಲೆ ಡಾಕ್ಟರು ಕರೆದರು.

"ಎಂಬತ್ತಾರು. ಬುದ್ಧಿಯ ಅಂಕದಲ್ಲಿ ನೂರು ಸರಾಸರಿ, ಎಂಬತ್ತೈದರಿಂದ ಮೇಲೆ ಸಾಮಾನ್ಯ ಅಂತಾನೇ ಲೆಕ್ಕ. ಶಾಲೇಲಿ ಸ್ವಲ್ಪ ಜೊತೆಗೆ ಕೂತು ಹೇಳಿಕೊಡಬೇಕಾಗಬಹುದು. ಒಳ್ಳೇ ಸುದ್ದಿ ಅಮ್ಮ ಇದು."

"ಆ ಹದಿನೈದು ದಿನ ಪೂರ್ತಿ ಕೊಟ್ಟಿದ್ರೆ ಎಷ್ಟಿರ್ತಿತ್ತು?"

"ಅದನ್ನ ಹೇಳೋಕಾಗಲ್ಲ."

"ಅಂದಾಜು ಹೇಳಿ."

"ಅಂದಾಜೂ ಇಲ್ಲಮ್ಮ. ಇಷ್ಟೇ ಇರಬಹುದಿತ್ತು. ತೊಂಬತ್ತಾರು ಇರಬಹುದಿತ್ತು. ಮೊದಲ ಇಪ್ಪತ್ತೇಳು ದಿನದ್ದೂ ಸೇರಿರಬಹುದು. ಮಾತ್ರೆ ಒಂದು ದಿನವೂ ಏರುಪೇರಾಗದ ಮನೇಲೂ ಎಂಬತ್ತಾರು ನೋಡಿದೀನಿ. ಗ್ರಂಥಿ ಸರಿಯಾಗೇ ಇರೋ ಮಕ್ಕಳಲ್ಲೂ ನೋಡಿದೀನಿ."

"ಹಾಗಾದ್ರೆ ನನ್ನಿಂದಲೇ ಆಯ್ತು ಅಂತಾದ್ರೂ ಹೇಳಿ ಡಾಕ್ಟ್ರೇ. ಕೈ ಮುಗೀತೀನಿ. ಹೌದು ಅಂದ್ರೆ ಹೇಗೋ ತಡ್ಕೊಳ್ತೀನಿ."

"ಗೊತ್ತಿಲ್ಲದ್ದನ್ನ ಹೌದು ಅಂತ ಹೇಗೆ ಹೇಳ್ಲಿ?"

ಅವಳು ಎದ್ದಳು. ನಮಸ್ಕಾರ ಮಾಡಿದಳು, ಮಗಳ ಕೈ ಹಿಡಿದಳು. ಮೊಗಸಾಲೆ ಉದ್ದಕ್ಕಿತ್ತು. ಎರಡೂ ಬದಿ ತಾಯಂದಿರು, ತೊಡೆಯ ಮೇಲೆ ಮಕ್ಕಳು. ನಡುವೆ ಇವರಿಬ್ಬರೂ ನಡೆದರು. ಅರ್ಧ ದಾರಿಯಲ್ಲಿ ಮಗಳು ಕೈ ಜಗ್ಗಿದಳು.

"ಅಮ್ಮ, ಆ ಮೇಡಂ ಕಟ್ಟು ಅಂದ್ರು. ನಾನು ಕಟ್ಟಿದೆ. ಅವರೇ ಬೀಳಿಸಿದ್ರು. ಯಾಕೆ?"

'ಅಮ್ಮ' ಸೇರಿ ಹತ್ತು ಪದಗಳು ಎಂದು ತಾಯಿ ಎಣಿಸಿದಳು. ಮೂರು ವರ್ಷಕ್ಕೆ ಇಷ್ಟು ಸಾಕೇ? ನಡುವೆ ಎರಡು ಸಲ ತಡೆದಳಲ್ಲ? 'ಯಾಕೆ' ಎಂದು ಕೇಳುವುದನ್ನು ಪಕ್ಕದ ಮನೆಯ ಮಗು ಎಷ್ಟನೆಯ ತಿಂಗಳಿಗೆ ಕಲಿತಿತ್ತು?

"ಅಮ್ಮ, ಕೇಳಿಸ್ತಾ?"

"ಇನ್ನೊಂದ್ಸಲ ಹೇಳು ಮಗಳೇ."

ಮಗು ಮತ್ತೆ ಹೇಳಿತು. ಈ ಸಲ ಒಂದು ಪದ ಕಡಿಮೆಯಿತ್ತು.